ಬನಶಂಕರಿಗೆ ಹೋಗಲು ಒಂದು ನೆಪ

ಪ್ರವಾಸ ಸಾಹಿತ್ಯ ಕನ್ನಡದಲ್ಲಿ ಬಡವಾದ ಪ್ರಕಾರವೇನೂ ಅಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇವೆಲ್ಲ ನಮ್ಮ ಓದುಗರು ಪ್ರೀತಿಯಿಂದ ಓದಿದ ಪುಸ್ತಕಗಳು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ಈ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಪ್ರವಾಸವೆಂದರೆ ದೂರ ಹೋಗುವುದು. ಹತ್ತಿರದ ಊರನ್ನು ಕುರಿತು ಬರೆದವರೂ ಇದ್ದಾರೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪಿಯನ್ನು ಕುರಿತದ್ದು. ಆದರೆ ಹಂಪಿಗೆ ಹೋಗುವ ಲೇಖಕನ ಕಣ್ಣು ಅಳಿದುಹೋದ ಸಾಮ್ರಾಜ್ಯದ ಮೇಲಿರುತ್ತದೆ. ದೇಶ ದೂರವಿಲ್ಲದಿದ್ದರೆ ಕಾಲವಾದರೂ ದೂರವಿರಬೇಕು.

ಹಾಗಾದರೆ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿಯ ಬಸ್ಸಿಗೆ ಮನೆ ಸೇರುವ ಕುಟುಂಬ ಎಲ್ಲಿದೆ? ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಒಂದು ದಿನದ ಕೂಲಿ ಬಿಟ್ಟು, ಕೈಯಲ್ಲಿದ್ದ ನಾಲ್ಕು ನೂರು ರೂಪಾಯಿ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಡುವ ಹೆಂಗಸಿನ ಪ್ರವಾಸ ಕಥನವನ್ನು ಬರೆದವರು ಯಾರು? ನಮ್ಮ ನಾಡಿನಲ್ಲಿ ಅತಿ ಹೆಚ್ಚು ಜನ ಮಾಡುವ ಪ್ರವಾಸ ಇದೇ. ನಮ್ಮ ಪ್ರವಾಸ ಸಾಹಿತ್ಯದಲ್ಲಿ ಅತಿ ಕಡಿಮೆ ಕಾಣಿಸುವುದೂ ಇದೇ.

ಇದಕ್ಕೆ ಕಾರಣ ಲೇಖಕರ ಉದಾಸೀನ ಮಾತ್ರವಲ್ಲ. ಬಡವರ ಪ್ರವಾಸ ತನ್ನ ಹೆಸರನ್ನು ಹೇಳಿಕೊಳ್ಳುವುದಿಲ್ಲ. ಹಣವಿದ್ದವನು ‘ಸುಮ್ಮನೆ ಎರಡು ದಿನ ತಿರುಗಾಡಿ ಬರೋಣವೆಂದು ಬಂದೆ’ ಎಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೂಲಿಯವಳು ಹಾಗೆ ಹೇಳಿದರೆ ಮನೆಯಲ್ಲೂ ಓಣಿಯಲ್ಲೂ ಹತ್ತು ಮಾತು ಹುಟ್ಟುತ್ತವೆ. ಆದ್ದರಿಂದ ಅವಳಿಗೆ ಒಂದು ನೆಪ ಬೇಕು. ಹರಕೆ, ಮಗುವಿನ ಜವಳ, ಉರುಸು, ತವರಿನ ಜಾತ್ರೆ, ಬಳೆ ಇಡಿಸಿಕೊಳ್ಳುವುದು, ಕೊನೆಗೆ ಆಸ್ಪತ್ರೆ. ಹರಕೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹರಕೆಯೂ ನಿಜ, ಅದರೊಳಗೆ ಬಚ್ಚಿಟ್ಟುಕೊಂಡು ಬರುವ ಸಂತೋಷವೂ ನಿಜ. ನಮ್ಮ ವಿಮರ್ಶೆ ಮೊದಲನೆಯದನ್ನು ಭಕ್ತಿ ಎಂದೋ ಮೌಢ್ಯ ಎಂದೋ ವಿಂಗಡಿಸಿ ಕೈತೊಳೆದುಕೊಳ್ಳುತ್ತದೆ. ಎರಡನೆಯದನ್ನು ನೋಡುವುದೇ ಇಲ್ಲ.

ಈ ಮಾತಿಗೆ ಬಾಗಲಕೋಟೆ ಜಿಲ್ಲೆಯ ಬನಶಂಕರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬಾದಾಮಿಯಿಂದ ಐದು ಕಿಲೋಮೀಟರಿನಷ್ಟು ದೂರ, ಚೊಳಚಗುಡ್ಡದ ಹತ್ತಿರ ಈ ದೇವಸ್ಥಾನವಿದೆ. ಈಗಿನ ಕಟ್ಟಡವನ್ನು 1750ರಲ್ಲಿ ಮರಾಠ ಸರದಾರ ಪರಶುರಾಮ ಆಗಳೆ ಕಟ್ಟಿಸಿದನೆಂದು ಹೇಳುತ್ತಾರೆ. ಕ್ಷೇತ್ರ ಅದಕ್ಕಿಂತ ಎಷ್ಟೋ ಹಳೆಯದು. ಎದುರಿಗೆ ಕಲ್ಲಿನ ಮಂಟಪಗಳು ಸುತ್ತುವರಿದ ದೊಡ್ಡ ಚೌಕದ ಹೊಂಡ. ಹತ್ತಿರದಲ್ಲೇ ಮಲಪ್ರಭೆ. ದೇಶವಿದೇಶದ ಪ್ರವಾಸಿಗರು ಬಾದಾಮಿಯ ಮೇಣಬಸದಿ, ಐಹೊಳೆ, ಮತ್ತು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲನ್ನು ನೋಡಲು ಬರುತ್ತಾರೆ. ಕೈಪಿಡಿಗಳಲ್ಲಿ ಬನಶಂಕರಿಗೆ ಸಿಗುವುದು ಎರಡು ಸಾಲು. ಆದರೆ ಇಳಕಲ್ಲು, ಗುಳೇದಗುಡ್ಡ, ಹುನಗುಂದ, ರೋಣ, ಗಜೇಂದ್ರಗಡದ ನೇಕಾರರಿಗೆ, ರೈತರಿಗೆ, ಕಲ್ಲು ಒಡೆಯುವವರಿಗೆ ‘ಹೋಗಿ ಬರುವುದು’ ಎಂದರೆ ಮೊದಲು ನೆನಪಾಗುವ ಜಾಗಗಳಲ್ಲಿ ಅದು ಒಂದು.

ಅಲ್ಲಿಯ ರೊಟ್ಟಿಯ ಊಟವನ್ನೇ ನೋಡಿ. ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ತಂದು ಗಿಡದ ನೆರಳಿನಲ್ಲಿ ಕೂಡುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಹಿಂಡಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಉಣ್ಣಲು ಕುಳಿತ ಹೆಂಗಸಿಗೆ ಬುಟ್ಟಿಯ ಅಜ್ಜಿ ಕೇಳುತ್ತಾಳೆ: ‘ಇನ್ನೊಂದ್ ರೊಟ್ಟಿ ಹಾಕ್ಲೇನ್ ಯವ್ವಾ?’ ಈ ಒಂದು ಪ್ರಶ್ನೆಯಲ್ಲಿರುವ ಸುಖವನ್ನು ನಾವು ಕಡಿಮೆ ಅಂದಾಜು ಮಾಡಬಾರದು. ವರ್ಷವಿಡೀ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಂಡ ಹೆಂಗಸಿಗೆ ಅಂದು ಇನ್ನೊಬ್ಬಳು ಬಡಿಸುತ್ತಿದ್ದಾಳೆ. ಉಂಡದ್ದು ಅದೇ ರೊಟ್ಟಿ, ಅದೇ ಬದನೆಕಾಯಿ. ಬದಲಾದದ್ದು ಕುಳಿತ ಜಾಗ ಮಾತ್ರ. ಪ್ರವಾಸವೆಂದರೆ ಇನ್ನೇನು?

ಆದರೆ ಬಡಿಸುವ ಅಜ್ಜಿಯನ್ನೂ ಮರೆಯುವಂತಿಲ್ಲ. ಒಬ್ಬಳಿಗೆ ಬಿಡುವಿನ ದಿನವಾದದ್ದು ಇನ್ನೊಬ್ಬಳಿಗೆ ದುಡಿಮೆಯ ದಿನ. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವಳು ಅವಳು. ಇಬ್ಬರ ನಡುವೆ ಹೋಟೆಲಿನ ಮಾಲೀಕನಾಗಲಿ ಏಜೆಂಟನಾಗಲಿ ಇಲ್ಲ. ಪ್ರವಾಸಿಯ ದುಡ್ಡು ನೇರವಾಗಿ ಅವಳ ಸೆರಗಿಗೆ ಸೇರುತ್ತದೆ. ‘ಸ್ಥಳೀಯರಿಗೆ ಲಾಭ ತರುವ ಪ್ರವಾಸೋದ್ಯಮ’ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುವ ಮಾತನ್ನು ಈ ಅಜ್ಜಿಯರು ಯಾರ ಉಪದೇಶವೂ ಇಲ್ಲದೆ ನಡೆಸಿಕೊಂಡು ಬಂದಿದ್ದಾರೆ.

ಪುಷ್ಯ ಮಾಸದ ಜಾತ್ರೆಯಲ್ಲಿ ಈ ಊರು ಇನ್ನೊಂದು ರೂಪ ತಾಳುತ್ತದೆ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ. ಅಂದು ಶಾಕಾಂಬರಿಗೆ ನೂರೆಂಟು ಬಗೆಯ ಪಲ್ಯದ ಎಡೆ. ಬನದ ಹುಣ್ಣಿಮೆಗೆ ತೇರು. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ಮುಂದುವರಿಯುತ್ತದೆ. ಇಲ್ಲಿ ಮಾರಾಟಕ್ಕೆ ಬರುವ ಕಟ್ಟಿಗೆಯ ಬಾಗಿಲು, ಚೌಕಟ್ಟು, ಕಿಟಕಿಗಳಿಗೆ ದೂರದೂರದ ಹಳ್ಳಿಗಳಿಂದ ಗಿರಾಕಿಗಳು ಬರುತ್ತಾರೆ. ನೆಪದ ಮಾತು ಇಲ್ಲಿ ಸ್ಪಷ್ಟವಾಗುತ್ತದೆ. ಮನೆ ಕಟ್ಟಿಸುವವನು ಬಾಗಿಲು ನೋಡಲು ಬರುತ್ತಾನೆ. ಅವನೊಂದಿಗೆ ಹೆಂಡತಿ, ಮಕ್ಕಳು, ಅತ್ತಿಗೆ, ಮುದುಕಿ ತಾಯಿ ಬರುತ್ತಾರೆ. ಬಾಗಿಲಿನ ಚೌಕಾಸಿ ಒಂದು ತಾಸಿನದು. ಉಳಿದ ಹೊತ್ತೆಲ್ಲ ತೊಟ್ಟಿಲು, ಬೆಂಡು ಬತ್ತಾಸು, ಬಳೆ, ಮತ್ತು ರಾತ್ರಿ ನಾಟಕ.

ಬನಶಂಕರಿ ಜಾತ್ರೆಯ ಹೆಸರು ಹೇಳಿದರೆ ವೃತ್ತಿ ರಂಗಭೂಮಿಯ ಹೆಸರು ಹೇಳಲೇಬೇಕು. ಜಾತ್ರೆಯ ಬಯಲಿನಲ್ಲಿ ಹಲವಾರು ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಟೆಂಟು ಹಾಕಿ ಬೆಳಗಿನ ತನಕ ನಾಟಕ ಆಡುತ್ತವೆ. ಕಂಪನಿಗಳಿಗೆ ವರ್ಷದ ಗಳಿಕೆಯ ದೊಡ್ಡ ಪಾಲು ಇಲ್ಲಿಂದಲೇ ಬರಬೇಕು. ಕೊರೊನಾದ ವರ್ಷಗಳಲ್ಲಿ ಜಾತ್ರೆಗಳು ನಿಂತಾಗ ಈ ಕಲಾವಿದರು ಪಟ್ಟ ಪಾಡು ಅಷ್ಟಿಷ್ಟಲ್ಲ. ಈ ರಂಗಭೂಮಿಗೆ ಬರೆದ ದೊಡ್ಡ ನಾಟಕಕಾರ ಪಿ.ಬಿ. ಧುತ್ತರಗಿ ಹುನಗುಂದ ತಾಲೂಕಿನ ಸೂಳೇಬಾವಿಯವರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಗಿ ಇಡೀ ಕರ್ನಾಟಕವನ್ನು ತಲುಪಿತು. ಇದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ, ಗೋಹರಬಾಯಿ ಸಹೋದರಿಯರು ರಂಗಭೂಮಿಯಿಂದ ಹೊರಟು ಮುಂಬೈಯಲ್ಲಿ ಹೆಸರು ಮಾಡಿದರು. ಇಷ್ಟೆಲ್ಲ ಇದ್ದರೂ ನಮ್ಮ ರಂಗ ವಿಮರ್ಶೆ ಬಹುಕಾಲ ಕಂಪನಿ ನಾಟಕವನ್ನು ಮೂಗು ಮುರಿದೇ ನೋಡಿತು.

ಮೂಗು ಮುರಿಯಲು ಕಾರಣಗಳು ಇಲ್ಲದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಂಪನಿ ನಾಟಕಗಳ ಹಾಸ್ಯ ದ್ವಂದ್ವಾರ್ಥಕ್ಕೆ ಜಾರಿದೆ. ಶೀರ್ಷಿಕೆಯನ್ನು ಮಕ್ಕಳ ಮುಂದೆ ಓದಲು ಮುಜುಗರವಾಗುವಂಥ ನಾಟಕಗಳೂ ಇವೆ. ಹೆಂಗಸಿನ ದೇಹವನ್ನು ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸುವುದು ಹೆಂಗಸರೇ ಅರ್ಧಕ್ಕರ್ಧ ತುಂಬಿದ ಟೆಂಟಿನಲ್ಲಿ ಹೆಚ್ಚು ನೋಯಿಸುತ್ತದೆ. ವರ್ಷಕ್ಕೆ ಒಂದೇ ಸಲ ಸಿಗುವ ಸಂಜೆಗೆ ಅವಳು ಕೊಟ್ಟ ದುಡ್ಡಿಗೆ ಇದು ತಕ್ಕ ಪ್ರತಿಫಲವಲ್ಲ. ‘ಜನ ಇದನ್ನೇ ಕೇಳುತ್ತಾರೆ’ ಎಂಬ ಸಮರ್ಥನೆಯನ್ನು ಒಪ್ಪುವುದು ಕಷ್ಟ. ಅದೇ ಜನ ಧುತ್ತರಗಿಯವರ ನಾಟಕಗಳಿಗೂ ಟೆಂಟು ತುಂಬಿದ್ದರು. ಅಗ್ಗದ ದರದಲ್ಲಿ ಸಂತೋಷ ಕೊಡುವುದು ಬೇರೆ, ಅಗ್ಗದ ಸಂತೋಷ ಕೊಡುವುದು ಬೇರೆ.

ಉರ್ದು ಓದಿದವರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. ಉರ್ದುವಿನಲ್ಲಿ ‘ಸಫರ್’ ಬೇರೆ, ‘ಸೈರ್’ ಬೇರೆ. ಸಫರ್ ಎಂದರೆ ದೂರದ ಪಯಣ, ಅದರಲ್ಲಿ ಕಷ್ಟವೂ ಸೇರಿದೆ. ಸೈರ್ ಎಂದರೆ ಮನಸ್ಸು ಹಗುರಾಗಲು ಅಡ್ಡಾಡಿ ಬರುವುದು. ದೆಹಲಿಯ ಹತ್ತಿರದ ಮೆಹ್ರೌಲಿಯಲ್ಲಿ ನಡೆಯುತ್ತಿದ್ದ ‘ಫೂಲ್‌ವಾಲೋಂ ಕೀ ಸೈರ್’ ಪ್ರಸಿದ್ಧ. ಅದು ಹುಟ್ಟಿದ್ದೂ ಒಂದು ಹರಕೆಯಿಂದಲೇ. ಎರಡನೆಯ ಅಕ್ಬರ್ ಶಾನ ಬೇಗಂ, ಬ್ರಿಟಿಷರು ಅಲಹಾಬಾದಿಗೆ ಕಳಿಸಿದ್ದ ಮಗ ಹಿಂತಿರುಗಿದರೆ ಖ್ವಾಜಾ ಬಖ್ತಿಯಾರ್ ಕಾಕಿಯವರ ದರ್ಗಾಕ್ಕೆ ಹೂವಿನ ಚಾದರ ಒಪ್ಪಿಸುವುದಾಗಿ ಹರಕೆ ಹೊತ್ತಳಂತೆ. ಹೂವಿನ ಅರ್ಪಣೆ ದರ್ಗಾಕ್ಕೂ ಯೋಗಮಾಯಾ ಗುಡಿಗೂ ಸಂದು, ದೆಹಲಿಯ ಹಿಂದೂ ಮುಸಲ್ಮಾನರೆಲ್ಲ ಮಳೆಗಾಲದಲ್ಲಿ ಮಾವಿನ ತೋಪಿನಲ್ಲಿ ಉಯ್ಯಾಲೆ ಕಟ್ಟಿ ನಲಿಯುವ ಹಬ್ಬವಾಯಿತು. 1940ರ ದಶಕದಲ್ಲಿ ನಿಂತದ್ದು, ನೆಹರೂ ಅವರ ಆಸಕ್ತಿಯಿಂದ 1960ರ ದಶಕದ ಆರಂಭದಲ್ಲಿ ಮತ್ತೆ ಶುರುವಾಯಿತು. ಮಿರ್ಜಾ ಫರ್ಹತುಲ್ಲಾ ಬೇಗ್ ಈ ಸೈರ್ ಬಗ್ಗೆ ಬರೆದ ಗದ್ಯವನ್ನು ಉರ್ದು ಓದುಗರು ಇಂದಿಗೂ ಮೆಚ್ಚಿಕೊಳ್ಳುತ್ತಾರೆ. ಊರಿನ ಪಕ್ಕದ ಅಡ್ಡಾಟವೂ ಸಾಹಿತ್ಯದ ವಸ್ತುವಾಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಬನಶಂಕರಿಗೆ ಇನ್ನೂ ಅಂಥ ಒಬ್ಬ ಫರ್ಹತುಲ್ಲಾ ಬೇಗ್ ಸಿಗಬೇಕಾಗಿದೆ.

ನಮ್ಮ ಸಮುದಾಯದೊಳಗೂ ಒಂದು ತಕರಾರು ಇದೆ. ‘ತಿರುಗಾಟ ಹೆಂಗಸರಿಗೆ ಸಲ್ಲದು, ಅದು ಕಾಲಹರಣ’ ಎಂಬ ಮಾತನ್ನು ಧರ್ಮದ ಹೆಸರಿನಲ್ಲೇ ಹೇಳುವವರಿದ್ದಾರೆ. ಅವರು ಮದೀನಾದ ಮಸೀದಿಯ ಅಂಗಳವನ್ನು ನೆನಪಿಸಿಕೊಳ್ಳಬೇಕು. ಹಬ್ಬದ ದಿನ ಅಬಿಸೀನಿಯದವರು ಅಲ್ಲಿ ಭರ್ಜಿಯ ಆಟ ಆಡುತ್ತಿದ್ದಾಗ, ಹಜ್ರತ್ ಆಯಿಶಾ(ರ) ಅವರಿಗೆ ಸಾಕೆನಿಸುವವರೆಗೂ ಪ್ರವಾದಿ(ಸ) ಅವರು ನಿಂತು ಆಟ ತೋರಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ‘ಸಾಕೆ?’ ಎಂದು ನಿರ್ಧರಿಸುವ ಹಕ್ಕು ನೋಡುವವಳದಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ನಮ್ಮ ಎಷ್ಟು ಮನೆಗಳಲ್ಲಿ ಈ ಹಕ್ಕು ಉಳಿದಿದೆ? ಗಂಡಸರು ಚಹಾದ ಅಂಗಡಿಗೆ, ಗೆಳೆಯರ ಮನೆಗೆ, ಊರೂರಿಗೆ ಹೋಗಿ ಬರುವುದಕ್ಕೆ ಯಾರೂ ಕಾಲಹರಣ ಎನ್ನುವುದಿಲ್ಲ.

ಇದೇ ತಕರಾರು 2023ರಲ್ಲಿ ಸಾರ್ವಜನಿಕವಾಗಿ ಕೇಳಿಬಂತು. ಆ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚು ಇಲ್ಲವಾಯಿತು. ಮೊದಲ ವಾರಗಳಲ್ಲೇ ಪುಣ್ಯಕ್ಷೇತ್ರಗಳ ಬಸ್ಸುಗಳು ತುಂಬಿ ತುಳುಕಿದವು. ಕೂಡಲೇ ನಗೆಹನಿಗಳು, ವ್ಯಂಗ್ಯಚಿತ್ರಗಳು ಹುಟ್ಟಿದವು. ಹೆಂಗಸರು ಮನೆ ಬಿಟ್ಟು ಊರು ಸುತ್ತುತ್ತಿದ್ದಾರಂತೆ, ಗಂಡಂದಿರಿಗೆ ಅನ್ನ ಇಲ್ಲವಂತೆ! 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಇವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗಿ ಬಂದವೇ ಇರಬೇಕು. ಯೋಜನೆಯನ್ನು ಬೆಂಬಲಿಸಿದವರೂ ಇದೇ ಕಾರಣಗಳನ್ನು ಮುಂದಿಟ್ಟು ವಾದಿಸಿದರು. ಆದರೆ ‘ಅವರು ಸಂತೋಷಕ್ಕಾಗಿ ಹೋದರೆ ತಪ್ಪೇನು?’ ಎಂದು ನೇರವಾಗಿ ಕೇಳಿದವರು ಕಡಿಮೆ. ಅಂದರೆ ಬೆಂಬಲಿಗರೂ ಬಡ ಹೆಂಗಸಿಗೆ ಇನ್ನೊಂದು ನೆಪ ಹುಡುಕಿಕೊಟ್ಟರೇ ಹೊರತು ನೆಪವಿಲ್ಲದೆ ಹೊರಡುವ ಹಕ್ಕನ್ನು ಕೊಡಲಿಲ್ಲ. ಯೋಜನೆಯ ಆರ್ಥಿಕ ಭಾರ, ಬಸ್ಸುಗಳ ಕೊರತೆ ಚರ್ಚೆಯಾಗಬೇಕಾದ ವಿಷಯಗಳೇ. ಆದರೆ ಆ ನಗೆಹನಿಗಳಿಗೂ ಲೆಕ್ಕಪತ್ರಕ್ಕೂ ಸಂಬಂಧವಿರಲಿಲ್ಲ.

ಈ ಅಗ್ಗದ ಸಂತೋಷಕ್ಕೆ ಇನ್ನೊಂದು ಆಧಾರವೂ ಇದೆ. ಜಾತ್ರೆ ಎಲ್ಲರದ್ದು ಎಂಬ ನಂಬಿಕೆ. ನಮ್ಮ ಭಾಗದ ಜಾತ್ರೆಗಳಲ್ಲಿ ಬಳೆ ಇಡುವವರು, ಆಟಿಕೆ ಮಾರುವವರು, ತೊಟ್ಟಿಲು ತಿರುಗಿಸುವವರಲ್ಲಿ ಮುಸಲ್ಮಾನರು ಸಾಕಷ್ಟು. ಉರುಸುಗಳಲ್ಲಿ ತೆಂಗಿನಕಾಯಿ ಒಡೆಸುವ ಹಿಂದೂಗಳೂ ಸಾಕಷ್ಟು. ಶಿಶುನಾಳ ಶರೀಫರ ಗದ್ದುಗೆಗೆ ಹೋಗುವವರು ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. 2002ರ ನಿಯಮವೊಂದನ್ನು ಆಗಿನ ಸರಕಾರ ಸದನದಲ್ಲಿ ಸಮರ್ಥನೆಯಾಗಿ ಮುಂದಿಟ್ಟಿತು. ಇದನ್ನು ವ್ಯಾಪಾರಿಯ ಹೊಟ್ಟೆಪಾಡಿನ ಪ್ರಶ್ನೆಯಾಗಿ ಮಾತ್ರ ನೋಡಿದರೆ ಸಾಲದು. ಯಾರು ಬರಬೇಕು, ಯಾರು ಬರಬಾರದು ಎಂದು ಬಾಗಿಲಲ್ಲಿ ನಿಂತು ಕೇಳಲು ಶುರುವಾದ ದಿನ ಜಾತ್ರೆಗೆ ಹೋದವರ ಮನಸ್ಸು ಹಗುರಾಗುವುದಿಲ್ಲ. ಇನ್ನಷ್ಟು ಭಾರವಾಗುತ್ತದೆ.

ಹಾಗೆಂದು ಜಾತ್ರೆಯನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಒಂದು ದಿನದ ಪ್ರವಾಸ ಅಗ್ಗವಾಗಿರುವುದು ಅನೇಕ ಕಷ್ಟಗಳನ್ನು ಪ್ರವಾಸಿಯೇ ನುಂಗಿಕೊಳ್ಳುವುದರಿಂದ. ನಮ್ಮ ಎಷ್ಟೋ ಜಾತ್ರೆಗಳಲ್ಲಿ ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಇರುತ್ತಾರೆ, ಏಕೆಂದರೆ ಶೌಚಾಲಯ ಇಲ್ಲ, ಇದ್ದರೆ ಒಳಗೆ ಕಾಲಿಡುವಂತಿಲ್ಲ. ರಾತ್ರಿಯ ನಾಟಕ ಮುಗಿದ ಮೇಲೆ ಬಸ್ಸಿಲ್ಲದೆ ಬಯಲಿನಲ್ಲೇ ಮಕ್ಕಳನ್ನು ಮಲಗಿಸಿಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ ಹೊಂಡದಲ್ಲಿ ನೀರಿನ ಬದಲು ಪ್ಲಾಸ್ಟಿಕ್ ಕಾಣುತ್ತದೆ. ಪ್ರವಾಸೋದ್ಯಮವೆಂದರೆ ರೆಸಾರ್ಟು, ರೋಪ್‌ವೇ ಎಂದು ಯೋಜನೆ ಹಾಕುವವರು ಮೊದಲು ಒಂದು ಸ್ವಚ್ಛ ಶೌಚಾಲಯ, ಕುಡಿಯುವ ನೀರು, ರೊಟ್ಟಿ ಮಾರುವವರಿಗೆ ಬಿಸಿಲು ಮಳೆ ತಡೆಯುವ ಒಂದು ಚಪ್ಪರ, ನಾಟಕ ಮುಗಿದ ಮೇಲೆ ಹಳ್ಳಿಗಳಿಗೆ ಹೋಗುವ ಬಸ್ಸು ಇವುಗಳ ಪಟ್ಟಿ ಮಾಡಲಿ. ಖರ್ಚು ಕಡಿಮೆ, ಪುಣ್ಯ ಹೆಚ್ಚು.

ಬರೆಯುವವರ ಪಾಲಿನ ಕೆಲಸ ಬೇರೆ ಇದೆ. ದೂರ ದೇಶದಿಂದ ಬಂದವರು ಕಂಡದ್ದನ್ನು ಬರೆಯಲಿ, ನಾವು ಓದೋಣ. ಅದರ ಜೊತೆಗೆ ಗುಳೇದಗುಡ್ಡದಲ್ಲಿ ಒಂದು ದಿನ ಮಗ್ಗ ನಿಲ್ಲಿಸಿ, ತಲೆಗೆ ಹೂ ಮುಡಿದು, ಕಿಟಕಿಯ ಪಕ್ಕದ ಸೀಟಿಗಾಗಿ ಜಗಳಾಡಿ ಬನಶಂಕರಿಗೆ ಬಂದವಳ ದಿನಚರಿಯನ್ನೂ ಯಾರಾದರೂ ಬರೆಯಬೇಕು. ಅವಳು ಏನು ನೋಡಿದಳು, ಯಾವುದಕ್ಕೆ ನಕ್ಕಳು, ಯಾವ ಬಳೆಯ ದರ ಕೇಳಿ ವಾಪಸು ಇಟ್ಟಳು, ಮನೆಗೆ ಹೋಗಿ ಅತ್ತೆಗೆ ಏನು ಹೇಳಿದಳು, ಏನನ್ನು ಹೇಳಲಿಲ್ಲ ಎಂಬುದೆಲ್ಲ ಅದರಲ್ಲಿ ಬರಲಿ. ಆಗ ಕನ್ನಡದ ಪ್ರವಾಸ ಸಾಹಿತ್ಯ ಅವಳಿಗೂ ಗುರುತು ಸಿಗುವಂತಾದೀತು.