ಕಿಣ್ವದ ರಚನೆಯೂ ಶೋಧನೆಯ ಕಾಲಕ್ರಮವೂ

ಲೈಸೋಸೋಮಿಗೆ ಸೇರತಕ್ಕ ಪ್ರೋಟೀನುಗಳಿಗೆ ಗುರುತನ್ನು ಹಾಕುವ ಫಾಸ್ಫೋಟ್ರಾನ್ಸ್‌ಫರೇಸ್ ಕಿಣ್ವದ ರಚನೆಯು 2022ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಪ್ರಕಟವಾಯಿತು. ರಚನೆ ಕಂಡೊಡನೆ ರಹಸ್ಯವೇ ಬಯಲಾಯಿತೆಂದು ಬರೆಯುವ ವಾಡಿಕೆಯುಂಟು. ಇತಿಹಾಸದ ಅಭ್ಯಾಸಿಗಳಾದ ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು.

ಜೀವಕೋಶದಲ್ಲಿ ಸವೆದ ವಸ್ತುಗಳನ್ನು ಜೀರ್ಣಿಸುವ ಈ ಅಂಗಕ್ಕೆ ಡಿ ಡ್ಯೂವ್ ಅವರು 1955ರಲ್ಲಿ ಲೈಸೋಸೋಮೆಂದು ಹೆಸರಿಟ್ಟರು. ಅಲ್ಲಿಗೆ ಕಿಣ್ವಗಳು ದಾರಿ ತಪ್ಪದೆ ಸೇರುವ ಬಗೆಯನ್ನು ತೋರಿಸಿಕೊಟ್ಟುದು ಒಂದು ರೋಗ. ‘ಐ-ಕೋಶ’ವೆಂಬ ಈ ವ್ಯಾಧಿಯಲ್ಲಿ ಎಳೆಯ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಹಿಕ್‌ಮನ್ ಮತ್ತು ನ್ಯೂಫೆಲ್ಡ್ ಅವರು 1972ರಲ್ಲಿ ರೋಗಿಗಳ ಜೀವಕೋಶಗಳನ್ನು ಪರೀಕ್ಷಿಸಿದರು. ಅವು ಆರೋಗ್ಯವಂತರ ಕಿಣ್ವಗಳನ್ನು ಸ್ವೀಕರಿಸಿದುವು. ಅವುಗಳ ಕಿಣ್ವಗಳನ್ನು ಮಾತ್ರ ಆರೋಗ್ಯವಂತ ಕೋಶಗಳು ಸ್ವೀಕರಿಸಲಿಲ್ಲ. ಆದುದರಿಂದ ದೋಷವಿದ್ದುದು ಸ್ವೀಕರಿಸುವ ಶಕ್ತಿಯಲ್ಲಲ್ಲ, ಕಿಣ್ವದ ಮೇಲಿರಬೇಕಾದ ಗುರುತಿನಲ್ಲಿ. ಆ ಗುರುತು ಮಾನೋಸ್-6-ಫಾಸ್ಫೇಟೆಂದು 1977ರಲ್ಲಿ ತಿಳಿಯಿತು. ಅದನ್ನು ಹಾಕುವ ಕಿಣ್ವವೇ ರೋಗಿಗಳಲ್ಲಿ ಕೆಲಸ ಮಾಡದೆಂಬುದು 1981ರ ವೇಳೆಗೆ ಸಿದ್ಧವಾಯಿತು. ಆಲ್ಫಾ, ಬೀಟಾ, ಗ್ಯಾಮಾ ಎಂಬ ಭಾಗಗಳು ಎರಡೆರಡು ಸೇರಿ ಈ ಕಿಣ್ವವಾಗಿದೆಯೆಂಬುದೂ 1996ರಲ್ಲಿಯೇ ಗೊತ್ತಾಗಿತ್ತು.

ಹಾಗೆಂದು ಹೊಸ ಚಿತ್ರದ ಬೆಲೆಯನ್ನು ನಾವು ಕಡಿಮೆಮಾಡುವುದಿಲ್ಲ. ರೋಗಿಗಳ ಜೀನುಗಳಲ್ಲಿ ಕಂಡ ದೋಷಗಳು ಕಿಣ್ವದ ಯಾವ ಎಡೆಯನ್ನು ಕೆಡಿಸುತ್ತವೆಂದು ಈಗ ಬೆರಳಿಟ್ಟು ತೋರಿಸಬಹುದು. ಆದರೆ ಅದು ಐವತ್ತು ವರ್ಷಗಳ ಹಿಂದೆ ಎದ್ದ ಪ್ರಶ್ನೆಗೆ ದೊರೆತ ಉತ್ತರ. ಉತ್ತರವನ್ನಷ್ಟೇ ಕಲಿಸಿ, ಪ್ರಶ್ನೆಯನ್ನೂ ಅದಕ್ಕೆ ಕಾರಣರಾದ ಆ ಮಕ್ಕಳನ್ನೂ ಪಾಠದಿಂದ ಬಿಡುವುದು ವಿಜ್ಞಾನಕ್ಕೂ ಇತಿಹಾಸಕ್ಕೂ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.