ಮೊದಲು ಗಡಿಯಾರ ನೋಡಿ

ಹಳೆಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ‘ಅಪ್‌ಡೇಟ್ ಫೇಲ್ಡ್’ ಎಂದರೆ ನಮ್ಮವರು ಮಾಡುವ ಮೊದಲ ಕೆಲಸ ಅದನ್ನು ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಎರಡನೆಯದು, ಸಿ.ಡಿ. ಕೊಟ್ಟ ಅಂಗಡಿಯವನನ್ನು ಬೈಯುವುದು. ಪರದೆಯ ಬಲಮೂಲೆಯ ತಾರೀಕಿನ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಅಲ್ಲಿ 2002ರ ಜನವರಿ 1 ಎಂದಿದ್ದರೆ ಅಪ್‌ಡೇಟ್ ಬಟನ್ನನ್ನು ಎಷ್ಟು ಒತ್ತಿದರೂ ಬೆರಳಿಗಷ್ಟೇ ನೋವು.

ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ ಬಟನ್ ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ಓಡಿಸುವುದು ಅದೇ. ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸುವುದು ನಮ್ಮ ಅಂಗಡಿ, ಆಫೀಸುಗಳ ಪದ್ಧತಿ. ಹಾಗಾಗಿ ಸೆಲ್ ಸತ್ತ ಯಂತ್ರ ದಿನಾ ಬೆಳಿಗ್ಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಅಪ್‌ಡೇಟ್ ಕೊಡುವ ಸರ್ವರ್ ತನ್ನ ಗುರುತಿಗೆ ಒಂದು ಡಿಜಿಟಲ್ ಸರ್ಟಿಫಿಕೇಟ್ ತೋರಿಸಬೇಕು. ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ ಎಂದು ಅದರಲ್ಲಿ ಬರೆದಿರುತ್ತದೆ. 2002ರಲ್ಲಿರುವ ಯಂತ್ರಕ್ಕೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ನಂಬದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸೆಲ್ ಬದಲಿಸಿ, ತಾರೀಕು ಸರಿಮಾಡಿದರೆ ಎಷ್ಟೋ ‘ಕೆಟ್ಟ’ ಆಂಟಿವೈರಸ್‌ಗಳು ಅಲ್ಲೇ ಗುಣವಾಗುತ್ತವೆ.

ಇಂಥ ಯಂತ್ರಗಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳುವವರು ಒಮ್ಮೆ ನಮ್ಮ ಊರುಗಳ ಡಿಟಿಪಿ ಅಂಗಡಿಗೆ ಹೋಗಬೇಕು. 2001ರ ಪೇಜ್‌ಮೇಕರ್ 7, ಶ್ರೀಲಿಪಿ ಅಥವಾ ನುಡಿಯ ಹಳೆಯ ಫಾಂಟು, ಹಿಂಬದಿಯಲ್ಲಿ ಸಿಕ್ಕಿಸಿದ ಡಾಂಗಲ್. ಮದುವೆ ಕರೆಯೋಲೆಯಿಂದ ಹಿಡಿದು ಸಂಘದ ವಾರ್ಷಿಕ ವರದಿಯವರೆಗೆ ವರ್ಷಗಟ್ಟಲೆಯ ಕಡತಗಳು ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಹಳೆಯ ಯಂತ್ರದ ಮೋಹ ಇದಲ್ಲ, ಹೊಟ್ಟೆಪಾಡು. ನನ್ನಂತೆ ಮೋಹದಿಂದಲೇ ಇಟ್ಟುಕೊಂಡವರೂ ಇದ್ದಾರೆ, ಅವರ ಮಾತು ಬೇರೆ.

ಗಡಿಯಾರ ಸರಿಯಿದ್ದೂ ಅಪ್‌ಡೇಟ್ ಆಗದಿದ್ದರೆ ಇನ್ನೊಂದು ಮೆಟ್ಟಿಲು ಕೆಳಗಿಳಿಯಬೇಕು. ಸರ್ವರಿನ ಸರ್ಟಿಫಿಕೇಟಿಗೆ ಜಾಮೀನು ನಿಲ್ಲುವ ‘ರೂಟ್’ ಸರ್ಟಿಫಿಕೇಟ್‌ಗಳ ಪಟ್ಟಿ ನಿಮ್ಮ ಯಂತ್ರದೊಳಗೇ ಇದೆ, ಅವಕ್ಕೂ ಆಯುಷ್ಯವಿದೆ. 2021ರ ಸೆಪ್ಟೆಂಬರ್ 30ರಂದು ತಾಣಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಒಂದು ಹಳೆಯ ರೂಟ್‌ನ ಅವಧಿ ಮುಗಿಯಿತು. ಹೊಸದು ಇಲ್ಲದ ಫೋನು, ಕಂಪ್ಯೂಟರುಗಳಲ್ಲಿ ರಾತ್ರೋರಾತ್ರಿ ಎಷ್ಟೋ ತಾಣಗಳು ತೆರೆಯಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಪಾಡು ಇನ್ನೂ ಕಷ್ಟ. ಇವತ್ತಿನ ಸರ್ವರುಗಳು ಕೇಳುವ ಟಿಎಲ್‌ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ಭಾಷೆ ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ. 

ವಿಂಡೋಸ್ 7ರಲ್ಲಿ ಹೆಚ್ಚು ಕಾಡುವುದು ಡಿಜಿಟಲ್ ಸಹಿಯ ವಿಚಾರ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳ ಸಹಿಯನ್ನು ಶಾ-1 ಎಂಬ ಹಳೆಯ ವಿಧಾನ ಬಿಟ್ಟು ಶಾ-2ಕ್ಕೆ ಬದಲಿಸಿತು. ಆಂಟಿವೈರಸ್ ಕಂಪನಿಗಳೂ ಅದೇ ದಾರಿ ಹಿಡಿದವು. ಯಾರೋ ತಂತ್ರಜ್ಞ ಹಳೆಯ ಡಿವಿಡಿಯಿಂದ ವಿಂಡೋಸ್ 7 ಹೊಸದಾಗಿ ಹಾಕಿ, ಅದರ ಮೇಲೆ ಇಂದಿನ ಆಂಟಿವೈರಸ್ ಕೂರಿಸಲು ಹೋಗುತ್ತಾನೆ. ಯಂತ್ರಕ್ಕೆ ಆ ಸಹಿಯನ್ನು ಓದಲು ಬರುವುದಿಲ್ಲ. ಡ್ರೈವರ್ ಲೋಡ್ ಆಗುವುದಿಲ್ಲ. ತಂತ್ರಜ್ಞ ಹಾರ್ಡ್ ಡಿಸ್ಕ್ ಹೋಗಿದೆ ಎನ್ನುತ್ತಾನೆ. ನಿಜಕ್ಕೂ ಮೊದಲು ಸರ್ವೀಸ್ ಪ್ಯಾಕ್ 1, ಆಮೇಲೆ ಕೆಬಿ 4490628, ಆಮೇಲೆ ಕೆಬಿ 4474419 ಎಂಬ ಮೈಕ್ರೋಸಾಫ್ಟ್ ಅಪ್‌ಡೇಟ್‌ಗಳನ್ನು ಹಾಕಿ ರೀಸ್ಟಾರ್ಟ್ ಮಾಡಿ, ಹಳೆಯ ಆಂಟಿವೈರಸ್ಸನ್ನು ಅದರ ಕಂಪನಿಯೇ ಕೊಡುವ ರಿಮೂವಲ್ ಟೂಲ್‌ನಿಂದ ಬೇರುಸಹಿತ ತೆಗೆಯಬೇಕು. ಹೊಸದಕ್ಕೆ ಕೈ ಹಾಕುವುದು ಇದೆಲ್ಲ ಆದ ಮೇಲೆ. ಆ ಹೊಸದು ವಿಂಡೋಸ್ 7ನ್ನು ಇನ್ನೂ ಒಪ್ಪುತ್ತದೆಯೇ ಎಂದು ಕಾಸು ಕೊಡುವ ಮೊದಲೇ ಕೇಳಿ.

ಈಗ ನನಗೆ ಬಹಳ ಇಷ್ಟವಾದ ಪ್ರಕರಣ. ಆಂಟಿವೈರಸ್‌ಗೆ ಎರಡು ಭಾಗ: ವೈರಸ್‌ಗಳ ಗುರುತುಪಟ್ಟಿಯಾದ ಡೆಫಿನಿಷನ್, ಅದನ್ನು ಓದಿ ಹುಡುಕುವ ಎಂಜಿನ್. ಪಟ್ಟಿ ಹೊಸದಾಗಿ ಎಂಜಿನ್ ಹಳೆಯದಾದರೆ, ಕಾವಲುಗಾರನಿಗೆ ಕಳ್ಳರ ಫೋಟೊ ಕೊಟ್ಟು ಕನ್ನಡಕ ಕಿತ್ತುಕೊಂಡಂತೆ. ಲಿನಕ್ಸ್ ಮೇಲ್ ಸರ್ವರುಗಳಲ್ಲಿ ಜನಪ್ರಿಯವಾದ ಕ್ಲ್ಯಾಮ್ ಎವಿಗೆ ಈ ತೊಡಕು ಎದುರಾಯಿತು. 0.94 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಒಂದು ದೋಷ: 980 ಬೈಟ್‌ಗಿಂತ ಉದ್ದದ ಗುರುತು ಬಂದರೆ ಅಪ್‌ಡೇಟ್ ಮುಗ್ಗರಿಸುತ್ತಿತ್ತು. ಹಳಬರಿಗಾಗಿ ಉದ್ದದ ಗುರುತುಗಳನ್ನೇ ಬಿಡುವುದೋ, ಹಳಬರನ್ನೇ ಬಿಡುವುದೋ? ತಿಂಗಳುಗಟ್ಟಲೆ ಮೊದಲೇ ಎಚ್ಚರಿಸಿ, 2010ರ ಏಪ್ರಿಲ್ 15ರಂದು ಕ್ಲ್ಯಾಮ್ ಎವಿಯವರು ಹಳೆಯ ಆವೃತ್ತಿಗಳನ್ನು ನಿಲ್ಲಿಸುವಂಥ ವಿಶೇಷ ಗುರುತೊಂದನ್ನು ಅಪ್‌ಡೇಟ್ ಮೂಲಕವೇ ಕಳಿಸಿದರು. ಎಚ್ಚರಿಕೆ ಓದದವರ ಮೇಲ್ ಸರ್ವರುಗಳು ನಿಂತುಹೋದವು, ಬೈಗುಳ ಧಾರಾಳವಾಗಿ ಬಂತು. ನಾನು ಅವರ ಪಕ್ಷ. ಕೆಲಸ ಮಾಡದಿರುವುದನ್ನು ಗಟ್ಟಿಯಾಗಿ ಹೇಳುವ ಆಂಟಿವೈರಸ್ ಪ್ರಾಮಾಣಿಕ.

ಅಪ್‌ಡೇಟ್ ಎಂದರೆ ಕಣ್ಣಿಗೆ ಒತ್ತಿಕೊಳ್ಳಬೇಕಾದ ಪ್ರಸಾದವೂ ಅಲ್ಲ ಅನ್ನಿ. ಕ್ಲ್ಯಾಮ್ ಎವಿ ಪ್ರಕರಣವಾದ ಆರೇ ದಿನಕ್ಕೆ, ಏಪ್ರಿಲ್ 21ರಂದು, ಮ್ಯಾಕಫೀ ಆಂಟಿವೈರಸ್‌ನ 5958ನೇ ಡೆಫಿನಿಷನ್ ಕಡತ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3ರ ಜೀವನಾಡಿಯಾದ ಎಸ್‌ವಿಸಿ ಹೋಸ್ಟ್ ಕಡತವನ್ನೇ ವೈರಸ್ ಎಂದು ತಿಳಿಯಿತು. ನಾನಾ ದೇಶಗಳ ಆಫೀಸುಗಳಲ್ಲಿ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕೂತವು. ಅವತ್ತು ಬಚಾವಾದದ್ದು ಅಪ್‌ಡೇಟ್ ಮಾಡದ ಸೋಮಾರಿಗಳು.

ಹಳತಾದ ಆಂಟಿವೈರಸ್ ತಾನು ನಿಲ್ಲುವುದಲ್ಲದೆ ವಿಂಡೋಸ್‌ನ ಅಪ್‌ಡೇಟನ್ನೂ ತಡೆದ ಪ್ರಸಂಗ 2018ರ ಜನವರಿಯದು. ಪ್ರೊಸೆಸರ್‌ಗಳ ಮೆಲ್ಟ್‌ಡೌನ್ ದೋಷಕ್ಕೆ ಬಂದ ವಿಂಡೋಸ್ ಪ್ಯಾಚ್ ಕೆಲವು ಆಂಟಿವೈರಸ್‌ಗಳ ಜೊತೆ ಕಾದಾಡಿ ನೀಲಿ ಪರದೆ ತರಿಸುತ್ತಿತ್ತು. ‘ನಾನು ಹೊಂದಿಕೊಳ್ಳುತ್ತೇನೆ’ ಎಂದು ಆಂಟಿವೈರಸ್ ರಿಜಿಸ್ಟ್ರಿಯಲ್ಲಿ ಒಂದು ಗುರುತು ಹಾಕುವವರೆಗೆ ಪ್ಯಾಚ್ ಕೊಡುವುದಿಲ್ಲ ಎಂದಿತು ಮೈಕ್ರೋಸಾಫ್ಟ್. ಮುದಿ ಆಂಟಿವೈರಸ್ ಇದ್ದವರಿಗೆ ಆ ಗುರುತೂ ಇಲ್ಲ, ಪ್ಯಾಚೂ ಇಲ್ಲ. ಕೆಲವು ತಿಂಗಳ ನಂತರ ಷರತ್ತು ಸಡಿಲವಾಯಿತು.

ಎಕ್ಸ್‌ಪಿ ಇಟ್ಟುಕೊಂಡವರಿಗೆ ನನ್ನ ತೀರ್ಪು ಖಡಾಖಂಡಿತ: ಆಂಟಿವೈರಸ್‌ನ ಹಿಂದೆ ಬೀಳಬೇಡಿ, ನೆಟ್‌ವರ್ಕ್ ಕೇಬಲ್ ಕೀಳಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಎಕ್ಸ್‌ಪಿಯಲ್ಲಿ ಮೈಕ್ರೋಸಾಫ್ಟಿನದೇ ಆಂಟಿವೈರಸ್ಸಾದ ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೆ ಡೆಫಿನಿಷನ್ ಬರುವುದು 2015ರ ಜುಲೈಗೆ ಮುಗಿಯಿತು. ಪೆನ್ ಡ್ರೈವ್ ಮೊದಲು ಹೊಸ ಯಂತ್ರದಲ್ಲಿ ಸ್ಕ್ಯಾನ್ ಆಗಿಯೇ ಎಕ್ಸ್‌ಪಿಗೆ ಹೋಗಲಿ. ಫೋಲ್ಡರುಗಳನ್ನು ಅಡಗಿಸಿ ಶಾರ್ಟ್‌ಕಟ್ ಬಿಟ್ಟುಹೋಗುವ ಆ ಹಳೆಯ ಪೀಡೆ ಪೆನ್ ಡ್ರೈವ್‌ನಲ್ಲೇ ಊರೂರು ಸುತ್ತಿದ್ದು ಯಾರಿಗೆ ನೆನಪಿಲ್ಲ? ಆಟೋರನ್ ನಿಲ್ಲಿಸಿ, ಪೇಜ್‌ಮೇಕರ್ ಕಡತಗಳ ಬ್ಯಾಕಪ್ ಬೇರೆ ಡಿಸ್ಕಿನಲ್ಲಿಡಿ.

ಇನ್ನು ಆಂಟಿವೈರಸ್ ತೋರಿಸುವ ಹಸಿರು ಟಿಕ್. ಅದನ್ನು ನೋಡಿ ನೆಮ್ಮದಿ ಪಡುವವರು ‘ಅಬೌಟ್’ ತೆರೆದು ಡೆಫಿನಿಷನ್ ತಾರೀಕು ಮತ್ತು ಎಂಜಿನ್ ಆವೃತ್ತಿ ಎರಡನ್ನೂ ನೋಡಲಿ. ಇದು ಹಳೆಯ ಯಂತ್ರಗಳವರ ಪಾಡು ಮಾತ್ರ ಅಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್‌ನದೇ ಆಂಟಿವೈರಸ್ಸಾದ ಡಿಫೆಂಡರ್‌ನ ಡೆಫಿನಿಷನ್‌ಗಳನ್ನು ಮಾತ್ರ 2028ರ ಅಕ್ಟೋಬರ್‌ವರೆಗೆ ಕೊಡುತ್ತೇವೆ ಎಂದಿದೆ ಮೈಕ್ರೋಸಾಫ್ಟ್. ಅಲ್ಲಿಯವರೆಗೂ ಟಿಕ್ ಹಸಿರಾಗಿಯೇ ಇರಬಹುದು, ಕೆಳಗಿನ ವಿಂಡೋಸ್‌ನಲ್ಲಿ ತೂತುಗಳು ಮುಚ್ಚದೆ ಉಳಿದಿರುತ್ತವೆ. ಮನೆಬಳಕೆಯವರಿಗೆ ಇಎಸ್‌ಯು ಎಂಬ ಹೆಚ್ಚುವರಿ ಪ್ಯಾಚ್ ಯೋಜನೆ ಬೆಂಬಲ ಮುಗಿದ ದಿನದಿಂದ ಒಂದು ವರ್ಷ ಒದಗುತ್ತದೆ, ಆದರೆ ತಾನಾಗಿ ಬರುವುದಿಲ್ಲ. ಹೆಸರು ನೋಂದಾಯಿಸಿಕೊಳ್ಳಬೇಕು, ಅದರ ಕೊಂಡಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದೆ.