ಚಿತ್ರಕಥೆಯ ವೀರನಾಯಿಕೆ: ಶೃಂಗಾರವೂ ತಾರತಮ್ಯವೂ

2016ನೆಯ ಅಕ್ಟೋಬರ್ 21ರಂದು ವಿಶ್ವಸಂಸ್ಥೆಯು ಸ್ತ್ರೀಯರ ಹಾಗೂ ಬಾಲಿಕೆಯರ ಏಳಿಗೆಗಾಗಿ ಒಬ್ಬ ಗೌರವ ರಾಯಭಾರಿಯನ್ನು ನೇಮಿಸಿತು. ಆಕೆ ಜೀವಂತ ವ್ಯಕ್ತಿಯಲ್ಲ. ಅಮೆರಿಕದ ಕಾಮಿಕ್ಸ್ ಪುಸ್ತಕಗಳ ನಾಯಿಕೆ ವಂಡರ್ ವುಮನ್. ಸಮಾರಂಭ ನಡೆಯುತ್ತಿದ್ದಾಗಲೇ ಸಂಸ್ಥೆಯ ನೌಕರರಲ್ಲಿ ಕೆಲವರು ಬೆನ್ನು ತಿರುಗಿಸಿ ನಿಂತು ಮೌನವಾಗಿ ಪ್ರತಿಭಟಿಸಿದರು. ವಿರೋಧದ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಆ ವರ್ಷದ ಡಿಸೆಂಬರಿನಲ್ಲಿ ಆ ರಾಯಭಾರವೂ ಮುಗಿಯಿತು. ಅರೆಬರೆ ಉಡುಗೆಯ, ಲೋಕದಲ್ಲಿ ಕಾಣಸಿಗದ ಅಂಗಪ್ರಮಾಣದ ಹೆಣ್ಣು ಸಮಾನತೆಯ ಪ್ರತಿನಿಧಿಯಾಗುವುದೆಂತು ಎಂಬುದು ಆಕ್ಷೇಪಕರ ವಾದ. ಎಪ್ಪತ್ತೈದು ವರ್ಷಗಳಿಂದ ನ್ಯಾಯಕ್ಕಾಗಿ ಹೋರಾಡುತ್ತ ಬಂದವಳಿಗಿಂತ ಯೋಗ್ಯಳು ಯಾರು ಎಂಬುದು ಸಮರ್ಥಕರ ವಾದ. ಒಂದು ಪಕ್ಷ ಉಡುಗೆಯನ್ನು ನೋಡಿತು, ಇನ್ನೊಂದು ಪಕ್ಷ ಕಾರ್ಯವನ್ನು ನೋಡಿತು. ಚಿತ್ರಕಥೆಯಲ್ಲಿ ಉಡುಗೆಗೂ ಕಾರ್ಯಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ. ಆ ಪ್ರಶ್ನೆ ಎತ್ತದ ಹೊರತು ಮಾದಕತೆ ಯಾವುದು, ಲಿಂಗತಾರತಮ್ಯ ಯಾವುದು ಎಂಬ ವಿವೇಚನೆ ಸಾಧ್ಯವಿಲ್ಲ.

ಭಾರತೀಯ ಕಾವ್ಯಪರಂಪರೆಯ ಪರಿಚಯವುಳ್ಳ ವಾಚಕನಿಗೆ ಸ್ತ್ರೀದೇಹದ ಸೌಂದರ್ಯವು ತಾನಾಗಿಯೇ ದೋಷವೆಂದು ತೋರದು. ಶೃಂಗಾರವು ರಸಗಳಲ್ಲಿ ಒಂದು. ಅದನ್ನು ಹೇಯವೆಂದವರು ನಮ್ಮ ಲಾಕ್ಷಣಿಕರಲ್ಲಿ ವಿರಳ. ರಸವು ಕೆಡುವುದು ಅನೌಚಿತ್ಯದಿಂದ ಎಂಬುದು ಆನಂದವರ್ಧನನ ಸಿದ್ಧಾಂತ. ಆದುದರಿಂದ ಕೇಳಬೇಕಾದುದು ಎಷ್ಟು ಬಟ್ಟೆ ಎಂದಲ್ಲ, ಏನು ಉಚಿತ ಎಂದು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಕಥೆಯೆಂಬ ವಾಕ್ಯದಲ್ಲಿ ನಾಯಿಕೆಯು ಕರ್ತೃಪದವೋ ಕರ್ಮಪದವೋ ಎಂಬುದೇ ಮುಖ್ಯ. ಆಕೆ ಕರ್ತೃವಾಗಿದ್ದರೆ ಅವಳ ಚೆಲುವು ಅವಳದೇ ಗುಣ. ಶೌರ್ಯ, ಬುದ್ಧಿಗಳಂತೆ ಅದೂ ಒಂದು ವಿಶೇಷಣ. ಕರ್ಮವಾಗಿದ್ದರೆ ಅದೇ ಚೆಲುವು ಇತರರ ಭೋಗಕ್ಕೆ ಬಡಿಸಿದ ವಸ್ತು. ಮೊದಲನೆಯದು ಶೃಂಗಾರ, ಎರಡನೆಯದು ತಾರತಮ್ಯ. ಇವೆರಡನ್ನೂ ಉಡುಗೆಯ ಅಳತೆಯಿಂದ ಬೇರ್ಪಡಿಸಲಾಗದೆಂಬುದಕ್ಕೆ ಈ ನಾಯಿಕೆಯ ಚರಿತ್ರೆಯೇ ಸಾಕ್ಷಿ.

ವಂಡರ್ ವುಮನ್ 1941ರ ಕೊನೆಯಲ್ಲಿ ಪ್ರಕಟಗೊಂಡಳು. ಅವಳನ್ನು ಕಲ್ಪಿಸಿದ ವಿಲಿಯಂ ಮೋಲ್ಟನ್ ಮಾರ್ಸ್ಟನ್ನರು ಮನಶ್ಶಾಸ್ತ್ರಜ್ಞರು. ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದವರು. ಚಿತ್ರಗಳನ್ನು ಬರೆದವರು ಹ್ಯಾರಿ ಪೀಟರ್. ಆ ಕಥೆಗಳಲ್ಲಿ ನಾಯಿಕೆಯ ತೋಳುತೊಡೆಗಳು ಬರಿದಾಗಿವೆ. ಅವಳನ್ನು ಮೇಲಿಂದ ಮೇಲೆ ಸರಪಳಿಗಳಿಂದ ಬಿಗಿಯಲಾಗುತ್ತದೆ. ಪ್ರಕಾಶಕರ ಸಲಹಾಮಂಡಳಿಯಲ್ಲಿದ್ದ ಜೋಸೆಟ್ ಫ್ರಾಂಕ್ ಎಂಬಾಕೆ 1943ರಲ್ಲಿಯೇ ಇದನ್ನು ಆಕ್ಷೇಪಿಸಿದ್ದರು. ಆ ಆಕ್ಷೇಪ ನಿರಾಧಾರವೆನ್ನುವಂತಿಲ್ಲ. ಬಂಧನದ ದೃಶ್ಯಗಳಲ್ಲಿ ಕರ್ತೃವಿನ ಒಲವು ಕಥೆಯ ಅಗತ್ಯವನ್ನು ಮೀರಿರುವುದು ಸ್ಪಷ್ಟವಾಗಿದೆ. ಆದರೆ ಸರಪಳಿಯ ಚಿತ್ರದ ಬಳಿಕ ಅದನ್ನು ಹರಿದೊಗೆಯುವ ಚಿತ್ರ ಬರುತ್ತದೆ, ಹರಿಯುವವಳು ಅವಳೇ. ಪೈಲಟ್ ಸ್ಟೀವ್ ಟ್ರೆವರನನ್ನು ಕಾಪಾಡುವವಳೂ ಅವಳೇ. ಅಲ್ಲಿ ಮಾದಕತೆಯುಂಟು, ಕ್ರಿಯಾಪದವೂ ಅವಳ ಕೈಯಲ್ಲಿಯೇ ಉಂಟು.

ಇದೇ ಕಾಲದ ಇನ್ನೊಂದು ಪುಸ್ತಕವನ್ನು ಇದರ ಜೊತೆಗಿಟ್ಟು ನೋಡಬೇಕು. 1942ರಲ್ಲಿ ವಂಡರ್ ವುಮನ್ ವೀರಪುರುಷರ ಸಂಘವಾದ ‘ಜಸ್ಟಿಸ್ ಸೊಸೈಟಿ’ಯನ್ನು ಸೇರಿದಳು. ಅಲ್ಲಿ ಅವಳಿಗೆ ದೊರೆತದ್ದು ಕಾರ್ಯದರ್ಶಿನಿಯ ಕೆಲಸ. ಗಂಡಸರು ಯುದ್ಧಕ್ಕೆ ಹೊರಟರೆ ಇವಳು ಸಭೆಯ ಟಿಪ್ಪಣಿ ಬರೆದುಕೊಂಡು ಹಿಂದೆ ಉಳಿಯುತ್ತಿದ್ದಳು. ಉಡುಗೆ ಅದೇ, ದೇಹ ಅದೇ, ವರ್ಷವೂ ಅದೇ. ಒಂದು ಪುಸ್ತಕದಲ್ಲಿ ಲೋಕವನ್ನು ರಕ್ಷಿಸಿದವಳು ಇನ್ನೊಂದರಲ್ಲಿ ಲೇಖನಿ ಹಿಡಿದು ಕುಳಿತಳು. ದೋಷವು ಬಟ್ಟೆಯಲ್ಲಿದ್ದಿದ್ದರೆ ಎರಡೂ ಕಡೆ ಸಮನಾಗಿರಬೇಕಾಗಿತ್ತು.

ಮಾರ್ಸ್ಟನ್ನರು 1947ರಲ್ಲಿ ತೀರಿಕೊಂಡರು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಪುಸ್ತಕಗಳಿಂದ ಮಕ್ಕಳು ಕೆಡುತ್ತಿದ್ದಾರೆಂದು ಗ್ರಂಥವೊಂದನ್ನೇ ಬರೆದರು. ಅವರ ಕೋಪಕ್ಕೆ ತುತ್ತಾದವರಲ್ಲಿ ವಂಡರ್ ವುಮನ್ ಕೂಡ ಒಬ್ಬಳು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿ ವಿಧಿಸಿಕೊಂಡರು. ಹೆಂಗಸರ ಅಂಗಾಂಗಗಳನ್ನು ಉತ್ಪ್ರೇಕ್ಷಿಸದೆ ಸಹಜವಾಗಿ ಚಿತ್ರಿಸತಕ್ಕದ್ದೆಂಬುದು ಅದರ ಒಂದು ವಿಧಿ. ವಿವಾಹದ ಪಾವಿತ್ರ್ಯವನ್ನು ಎತ್ತಿಹಿಡಿಯತಕ್ಕದ್ದೆಂಬುದು ಇನ್ನೊಂದು. ಇದರಿಂದ ಶೀಲ ಬಂದಿತು, ಸಮಾನತೆ ಬರಲಿಲ್ಲ. ಆ ಕಾಲದ ಕಥೆಗಳಲ್ಲಿ ಸ್ಟೀವನ ವಿವಾಹಪ್ರಸ್ತಾಪವೂ ಅದನ್ನು ಮುಂದೂಡುವ ನಾಯಿಕೆಯ ಪೇಚಾಟವೂ ಮತ್ತೆ ಮತ್ತೆ ಬರುತ್ತವೆ. ನಿಯಮಾವಳಿಯು ನೋಡುಗನ ಕಣ್ಣಿಗೆ ಪರದೆ ಎಳೆಯಿತೇ ಹೊರತು ನಾಯಿಕೆಯ ಕಾರ್ಯಕ್ಷೇತ್ರವನ್ನು ಹಿಗ್ಗಿಸಲಿಲ್ಲ. ಹೆಣ್ಣಿನ ದೇಹಕ್ಕೆ ಅಂಜುವವನೂ ಅದನ್ನು ಭೋಗವಸ್ತುವೆಂದು ಬಗೆಯುವವನೂ ಒಂದು ವಿಷಯದಲ್ಲಿ ಸಮಾನರು: ಇಬ್ಬರಿಗೂ ಅವಳು ಮೊದಲು ದೇಹ, ಆಮೇಲೆ ವ್ಯಕ್ತಿ.

1968ರ ಪ್ರಸಂಗ ಇದಕ್ಕಿಂತಲೂ ಬೋಧಪ್ರದ. ಆ ವರ್ಷ ಲೇಖಕ ಡೆನ್ನಿ ಒನೀಲ್ ಹಾಗೂ ಚಿತ್ರಕಾರ ಮೈಕ್ ಸೆಕೋವ್‌ಸ್ಕಿ ಅವರು ನಾಯಿಕೆಯನ್ನು ಆಧುನಿಕಗೊಳಿಸಲು ಹೊರಟರು. ಹಳೆಯ ಉಡುಗೆ ಹೋಗಿ ಮೈತುಂಬ ಬಟ್ಟೆ ಬಂದಿತು. ಅದರೊಡನೆ ಅವಳ ಅತಿಮಾನುಷ ಶಕ್ತಿಯೂ ಹೋಯಿತು. ಯುದ್ಧವಿದ್ಯೆ ಕಲಿಸಲು ಒಬ್ಬ ಅಂಧ ವೃದ್ಧ ಗುರು ಬಂದನು. ಅವಳು ಶಕ್ತಿಯನ್ನು ತ್ಯಜಿಸಿದ್ದಾದರೂ ಸಂಕಟದಲ್ಲಿದ್ದ ಸ್ಟೀವನ ಬಳಿ ಉಳಿಯಬೇಕೆಂಬ ಕಾರಣದಿಂದ. ದೈವದತ್ತ ಶಕ್ತಿಯಿಲ್ಲದೆ ಸ್ವಪ್ರಯತ್ನದಿಂದ ಗೆಲ್ಲುವ ಹೆಣ್ಣೇ ಹೆಚ್ಚು ಸ್ವತಂತ್ರಳೆಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಸೂಪರ್‌ಮ್ಯಾನನಿಗೆ ಅಂತಹ ಸ್ವಾತಂತ್ರ್ಯವನ್ನು ಆಗ ಯಾರೂ ದಯಪಾಲಿಸಲಿಲ್ಲ. 1972ರ ಜುಲೈಯಲ್ಲಿ ‘ಮಿಸ್’ ಎಂಬ ಸ್ತ್ರೀವಾದೀ ಪತ್ರಿಕೆಯು ತನ್ನ ಮುಖಪುಟದಲ್ಲಿ ಮುದ್ರಿಸಿದ್ದು ಮೈತುಂಬ ಉಟ್ಟ ವಂಡರ್ ವುಮನ್ನಳನ್ನಲ್ಲ, ಹಳೆಯ ಉಡುಗೆಯ, ಹಳೆಯ ಶಕ್ತಿಯ ನಾಯಿಕೆಯನ್ನು. ಮರುವರ್ಷ ಕಥೆಯಲ್ಲಿಯೂ ಅವಳಿಗೆ ಅವೆರಡೂ ಹಿಂತಿರುಗಿ ದೊರೆತವು. ಆ ಸ್ತ್ರೀವಾದಿಗಳಿಗೆ ಮುಖ್ಯವಾಗಿದ್ದುದು ತೊಡೆಯ ಮೇಲಿನ ಬಟ್ಟೆಯಲ್ಲ, ತೋಳಿನೊಳಗಿನ ಬಲ.

ಚಿತ್ರದಲ್ಲಿ ಲವಲೇಶವೂ ಮಾದಕತೆಯ ದೋಷವಿಲ್ಲದೆ ಕಥೆಯಲ್ಲಿ ಘೋರ ತಾರತಮ್ಯ ಇರಬಹುದೆಂಬುದಕ್ಕೆ 1980ರ ‘ಅವೆಂಜರ್ಸ್’ ಇನ್ನೂರನೆಯ ಸಂಚಿಕೆ ನಿದರ್ಶನ. ಅದರಲ್ಲಿ ವೀರನಾಯಿಕೆ ಕ್ಯಾರಲ್ ಡ್ಯಾನ್ವರ್ಸಳ ಮನಸ್ಸನ್ನು ಯಂತ್ರಗಳಿಂದ ವಶಪಡಿಸಿಕೊಂಡ ಒಬ್ಬನಿಂದ ಅವಳು ಗರ್ಭಿಣಿಯಾಗುತ್ತಾಳೆ. ಕೊನೆಗೆ ಅವನೊಡನೆಯೇ ತೆರಳುತ್ತಾಳೆ. ಸಹವೀರರು ಹರಸಿ ಬೀಳ್ಕೊಡುತ್ತಾರೆ. ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಎಂಬ ವಿಮರ್ಶಕಿ ಇದನ್ನು ಅತ್ಯಾಚಾರವೆಂದೇ ಹೆಸರಿಸಿ ಬರೆದರು. 1981ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಇನ್ನೊಂದು ಕಥೆ ಬರೆದು, ನಾಯಿಕೆಯ ಬಾಯಿಂದಲೇ ಆ ಸಹವೀರರನ್ನು ಖಂಡಿಸಿದರು. ಕರ್ಮಪದವನ್ನು ಮತ್ತೆ ಕರ್ತೃಪದವನ್ನಾಗಿ ಮಾಡಿದ ತಿದ್ದುಪಡಿ ಅದು.

ಇಷ್ಟರಿಂದ ಚಿತ್ರಕಾರನ ಹೊಣೆ ತಪ್ಪಿತೆಂದು ತಿಳಿಯಬಾರದು. ಚಿತ್ರಕ್ಕೂ ಒಂದು ವಾಕ್ಯರಚನೆಯುಂಟು. 2014ರಲ್ಲಿ ‘ಸ್ಪೈಡರ್ ವುಮನ್’ ಮೊದಲ ಸಂಚಿಕೆಗಾಗಿ ಇಟಲಿಯ ಪ್ರಸಿದ್ಧ ಚಿತ್ರಕಾರ ಮಿಲೊ ಮನಾರ ಒಂದು ವಿಶೇಷ ಮುಖಪುಟ ರಚಿಸಿದರು. ಕಟ್ಟಡವೊಂದರ ತುದಿಗೆ ತೆವಳುತ್ತ ಬಂದಿರುವ ನಾಯಿಕೆಯ ನಿತಂಬ ಮೇಲಕ್ಕೆತ್ತಿದೆ. ಉಡುಗೆಯು ಮೈಗೆ ಬಣ್ಣ ಬಳಿದಂತಿದೆ. ಕತ್ತಿನಿಂದ ಕಾಲಿನವರೆಗೆ ಅವಳ ಮೈಯೆಲ್ಲ ಮುಚ್ಚಿದೆ ಎಂಬುದನ್ನು ಗಮನಿಸಬೇಕು. ಆದರೂ ಟೀಕೆ ಭುಗಿಲೆದ್ದಿತು. ಅದು ನ್ಯಾಯವಾಗಿಯೇ ಇತ್ತು. ಆ ಭಂಗಿಯಿಂದ ಅವಳು ಯಾರ ಮೇಲೂ ಎರಗಲಾರಳು, ಎಲ್ಲಿಗೂ ನೆಗೆಯಲಾರಳು. ಆ ಭಂಗಿಯ ಏಕೈಕ ಕ್ರಿಯೆ ನೋಡಿಸಿಕೊಳ್ಳುವುದು.

ಗಂಡುವೀರರ ದೇಹವೂ ಉತ್ಪ್ರೇಕ್ಷಿತವಲ್ಲವೇ ಎಂಬ ಪ್ರತಿವಾದವಿದೆ. ಉತ್ಪ್ರೇಕ್ಷಿತವೇ ಹೌದು; ಆದರೆ ಉತ್ಪ್ರೇಕ್ಷೆಯ ಪ್ರಯೋಜನ ಬೇರೆ. ಪುರುಷನ ಉಬ್ಬಿದ ಸ್ನಾಯು ಅವನು ಮಾಡಬಲ್ಲದನ್ನು ಸೂಚಿಸುತ್ತದೆ. ನಾಯಿಕೆಯ ತಿರುಚಿದ ನಡು ನೋಡುವವನಿಗೆ ದೊರೆಯಬಹುದಾದುದನ್ನು ಸೂಚಿಸುತ್ತದೆ. 2012ರಲ್ಲಿ ಕೆಲವು ಚಿತ್ರಕಾರರು ನಾಯಿಕೆಯರ ಭಂಗಿಗಳಲ್ಲಿ ‘ಹಾಕ್‌ಐ’ ಎಂಬ ಬಿಲ್ಲುಗಾರನನ್ನು ಚಿತ್ರಿಸಿ ತೋರಿಸಿದಾಗ ನೋಡಿದವರು ನಕ್ಕರು. ಆ ನಗೆಯೇ ಪರೀಕ್ಷೆಯ ಫಲಿತಾಂಶ. ವೀರನಿಗೆ ಒಪ್ಪದ ಭಂಗಿ ವೀರರಸಕ್ಕೂ ಒಪ್ಪದು. ನಾಯಿಕೆಗೆ ಮಾತ್ರ ಒಪ್ಪುವುದೆಂದರೆ ಅವಳನ್ನು ವೀರಳೆಂದು ಬಗೆದಿಲ್ಲವೆಂದೇ ಅರ್ಥ.

ಇಲ್ಲಿ ನಷ್ಟಕ್ಕೊಳಗಾಗುವವರು ಯಾರು? ಭಟ್ಟನಾಯಕನ ಸಾಧಾರಣೀಕರಣದ ತತ್ತ್ವದಂತೆ, ಓದುವವನು ತನ್ನ ಪ್ರತ್ಯೇಕತೆಯನ್ನು ಮರೆತು ಪಾತ್ರದ ಭಾವದಲ್ಲಿ ಪಾಲುಗೊಳ್ಳುತ್ತಾನೆ. ಹತ್ತು ವರ್ಷದ ಹುಡುಗ ಸೂಪರ್‌ಮ್ಯಾನನ ಪುಸ್ತಕ ತೆರೆದರೆ ಹಾರುವವನು ತಾನೇ ಆಗುತ್ತಾನೆ. ಅದೇ ವಯಸ್ಸಿನ ಹುಡುಗಿ ಮೇಲೆ ಹೇಳಿದಂತಹ ಮುಖಪುಟವನ್ನು ಕಂಡರೆ ನಾಯಿಕೆಯೊಳಗೆ ಪ್ರವೇಶಿಸಲು ಅವಳಿಗೆ ಬಾಗಿಲಿಲ್ಲ. ನಾಯಿಕೆಯನ್ನು ನೋಡುತ್ತಿರುವ ಯಾವನೋ ಒಬ್ಬನ ಕಣ್ಣುಗಳೊಳಗೆ ಅವಳು ಪ್ರವೇಶಿಸಬೇಕಾಗುತ್ತದೆ. ನೀನು ಲೋಕವನ್ನೇ ಉಳಿಸಿದರೂ ನಿನ್ನ ಬೆಲೆ ನೋಡುವವನ ಮೆಚ್ಚುಗೆಯಲ್ಲಿದೆ ಎಂಬ ಪಾಠವನ್ನು ಆಕೆ ಮಾತಿಲ್ಲದೆ ಕಲಿಯುತ್ತಾಳೆ. ಇದು ಅಶ್ಲೀಲತೆಯ ಪ್ರಶ್ನೆಯಲ್ಲ. ರಸಾಸ್ವಾದದಲ್ಲಿ ಅರ್ಧ ವಾಚಕವರ್ಗಕ್ಕೆ ಪಾಲಿಲ್ಲದಂತೆ ಮಾಡಿದ ಅನ್ಯಾಯದ ಪ್ರಶ್ನೆ.

ಚಿತ್ರಕಥೆಯ ಈ ವಿಚಾರ ಭಾರತಕ್ಕೆ ಅಪ್ರಸ್ತುತವೆನ್ನಲಾಗದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬಯಿಯಲ್ಲಿ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯನ್ನು ಓದಿ ಬೆಳೆದ ಹೊರನಾಡ ಕನ್ನಡ ಮನೆಗಳು ಅನೇಕ. ಆ ಮಾಲೆಯ ಸ್ತ್ರೀಚಿತ್ರಣವನ್ನು ನಂದಿನಿ ಚಂದ್ರ, ಕಾರ್ಲೈನ್ ಮೆಕ್‌ಲೇನ್ ಮೊದಲಾದ ವಿದ್ವಾಂಸರು ಗ್ರಂಥರೂಪವಾಗಿ ವಿವೇಚಿಸಿದ್ದಾರೆ. ಅಲ್ಲಿಯೂ ಇದೇ ಒರೆಗಲ್ಲು ಸಲ್ಲುತ್ತದೆ. ಝಾನ್ಸಿಯ ರಾಣಿ ಕುದುರೆಯೇರಿ ಕತ್ತಿ ಬೀಸುತ್ತಾಳೆ. ಪದ್ಮಿನಿಯ ಕಥೆ ಮುಗಿಯುವುದು ಜೌಹರದ ಬೆಂಕಿಯಲ್ಲಿ. ಇಬ್ಬರೂ ವೀರವನಿತೆಯರೆಂದೇ ಕೀರ್ತಿತರು. ಆದರೆ ಒಬ್ಬಳ ಶೌರ್ಯ ಶತ್ರುವಿನ ಮೇಲೆ, ಇನ್ನೊಬ್ಬಳದು ತನ್ನ ದೇಹದ ಮೇಲೆಯೇ. ಸೆರಗು ಹೊದ್ದ ಚಿತ್ರದಲ್ಲಿಯೂ ತಾರತಮ್ಯವು ಅಡಗಿರಬಲ್ಲದು.

ಹಾಗಾದರೆ ಪರಿಹಾರವೇನು? 2012ರಲ್ಲಿ ಕೆಲಿ ಸ್ಯೂ ಡಿಕಾನಿಕ್ ಅವರ ಬರವಣಿಗೆಯಲ್ಲಿ ಕ್ಯಾರಲ್ ಡ್ಯಾನ್ವರ್ಸಳು ‘ಕ್ಯಾಪ್ಟನ್ ಮಾರ್ವೆಲ್’ ಆದಳು. ಈಜುಡುಗೆಯಂತಹ ಹಳೆಯ ವೇಷ ಹೋಗಿ, ಜೇಮಿ ಮೆಕೆಲ್ವಿ ರೂಪಿಸಿದ ವಿಮಾನಚಾಲಕಿಯ ಉಡುಪು ಬಂದಿತು. ಅದು ಒಪ್ಪಿತವಾದುದು ಮೈ ಮುಚ್ಚಿತೆಂದಲ್ಲ. ಆಕೆ ವಾಯುಪಡೆಯ ಅಧಿಕಾರಿಣಿ, ಹಾರುವವಳಿಗೆ ಹಾರಾಟದ ಉಡುಪು ಎಂಬ ಔಚಿತ್ಯದಿಂದ. ಅಂತಹ ಔಚಿತ್ಯವಿರುವಲ್ಲಿ ನಾಯಿಕೆ ಚೆಲುವೆಯಾಗಿರಲಿ, ಮೋಹಕಳಾಗಿರಲಿ, ಬೇಕೆಂದರೆ ಪ್ರಣಯಿನಿಯೂ ಆಗಿರಲಿ. ವಿಮರ್ಶಕನು ಹುಬ್ಬು ಗಂಟಿಕ್ಕಬೇಕಾದ ಕಾರಣವಿಲ್ಲ. ವಿಶ್ವಸಂಸ್ಥೆಯ ಅಂಗಳದಲ್ಲಿ ನಡೆದ ಜಗಳದಲ್ಲಿ ಅವಳ ಉಡುಗೆಯನ್ನು ಅಳೆದವರು ಬಹಳ ಮಂದಿ. ಪುಟ ತಿರುವಿದಾಗ ಆಕೆ ಏನು ಮಾಡುತ್ತಾಳೆ, ಯಾರ ಇಚ್ಛೆಯಿಂದ ಮಾಡುತ್ತಾಳೆ ಎಂದು ನೋಡುವುದೇ ವಿಮರ್ಶೆಯ ಕೆಲಸ. ಉಳಿದದ್ದನ್ನು ದರ್ಜಿಗೆ ಬಿಡಬಹುದು.